ಕೂಳೆ ಒಡೆಯುವ ಧಾನ್ಯದ ಬೆಳೆ: ಉಳಿಯುವ ಹುಲ್ಲು, ಕಡ್ಡಿಯಿಂದ ನಾಲ್ಕು ಕಾಸು ಹೇಗೆ?

ಪಾಂಡವಪುರ ಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರದ ಕಡೆಯವನು. ಎರಡು ಎಕರೆ ನಾಲೆ ಗದ್ದೆ, ಮೇಲುಕೋಟೆ ದಾರಿಯಲ್ಲಿ ಸ್ವಲ್ಪ ಮಳೆ ಆಶ್ರಯದ ಹೊಲ ಇದೆ. ಒಂದು ಸಲ ಬಿತ್ತಿದರೆ ನಾಲ್ಕೈದು ವರ್ಷ ಕಾಳು ಕೊಡುವ ಬೆಳೆಗಳ ಬಗ್ಗೆ ಬಹಳ ದಿನದಿಂದ ಓದುತ್ತಾ ಇದ್ದೇನೆ. ನಮಗೆ ಇದು ತೀರಾ ಹೊಸದೇನಲ್ಲ ಅಲ್ವಾ? ಕಬ್ಬಿನಲ್ಲಿ ಕೂಳೆ ಬಿಡುವುದು, ಅಂದರೆ ಕೊಯ್ದ ಬುಡದಿಂದಲೇ ಮತ್ತೆ ಬೆಳೆ ಎಬ್ಬಿಸುವುದು, ಮಂಡ್ಯದಲ್ಲಿ ಮಕ್ಕಳಿಗೂ ಗೊತ್ತು. ಬದುವಿನ ತೊಗರಿಯನ್ನು ಕೀಳದೆ ಬಿಟ್ಟರೆ ಎರಡನೇ ವರ್ಷವೂ ಕಾಯಿ ಕಚ್ಚುತ್ತದೆ. ಆದರೆ ಭತ್ತ, ಗೋಧಿ, ಜೋಳದಲ್ಲೂ ಇದನ್ನು ಮಾಡುತ್ತಿದ್ದಾರೆ. ಚೀನಾದ ಯುನ್ನಾನ್ ವಿಶ್ವವಿದ್ಯಾಲಯದವರು ಆಫ್ರಿಕಾದ ಒಂದು ಕಾಡು ಭತ್ತದ ಜೊತೆ ಏಷ್ಯಾದ ಮಾಮೂಲಿ ಭತ್ತ ಸೇರಿಸಿ ತಳಿ ಮಾಡಿ 2018ರಲ್ಲಿ ರೈತರಿಗೆ ಬಿಟ್ಟರು. ಒಂದೇ ನಾಟಿಯಲ್ಲಿ 4 ವರ್ಷಕ್ಕೆ 8 ಕೊಯ್ಲು, ಪ್ರತಿ ಕೊಯ್ಲಿಗೆ ಹೆಕ್ಟೇರಿಗೆ ಸರಾಸರಿ 6.8 ಟನ್. ಅಂದರೆ ಎಕರೆಗೆ ಹೆಚ್ಚುಕಡಿಮೆ 27 ಕ್ವಿಂಟಾಲ್. ಅಮೆರಿಕದ ಕ್ಯಾನ್ಸಾಸ್‌ನಲ್ಲಿ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಅಂತ 1976ರಲ್ಲಿ ಶುರುವಾದ ಸಂಸ್ಥೆ ಇದೆ. ಅವರು ಕೆರ್ನ್ಝಾ ಅನ್ನುವ ಗೋಧಿ ಜಾತಿಯ ಹುಲ್ಲನ್ನು ಧಾನ್ಯಕ್ಕೆ ಅಂತ ಬೆಳೆಸುತ್ತಿದ್ದಾರೆ. ಬೇರು ಹತ್ತು ಅಡಿ ಇಳಿಯುತ್ತದೆ. ಕಾಳು ಮಾತ್ರ ಗೋಧಿಗಿಂತ ಬಹಳ ಸಣ್ಣದು, ಇಳುವರಿಯೂ ಕಡಿಮೆ. ಹುಲ್ಲು ರಾಶಿ ಬರುತ್ತದೆ.

ನನ್ನ ತಲೆ ತಿನ್ನುತ್ತಿರುವುದು ಈ ಹುಲ್ಲಿನ ರಾಶಿಯೇ. ಪ್ರತಿ ವರ್ಷ ಉತ್ತು ಬಿತ್ತುವ ಬೆಳೆಯಾದರೆ ಉಳಿದಿದ್ದನ್ನು ಮಣ್ಣಿಗೆ ಸೇರಿಸಿ ರೋಟಾವೇಟರ್ ಹೊಡೆದರೆ ಆಯಿತು. ಇಲ್ಲಿ ಬುಡ ಜೀವಂತ ಇರಬೇಕು, ಉಳುವ ಹಾಗಿಲ್ಲ. ಹುಲ್ಲೆಲ್ಲ ಮೇಲೆಯೇ ಬಿದ್ದಿರುತ್ತದೆ. ತೆಗೆಯದಿದ್ದರೆ ಕೂಳೆ ಮೇಲೇಳುವುದಿಲ್ಲ, ತೆಗೆದರೆ ಎಲ್ಲಿಗೆ ಹಾಕುವುದು? ಕಾಳು ಕಡಿಮೆ ಬರುವ ವರ್ಷಗಳಲ್ಲಿ ಈ ಹುಲ್ಲು, ಕಡ್ಡಿಯೇ ಖರ್ಚು ಎತ್ತಿಕೊಡಬೇಕು. ಇಲ್ಲದಿದ್ದರೆ ಯಾವ ರೈತನೂ ಇದನ್ನು ಮುಟ್ಟುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಯುನ್ನಾನ್ ಭತ್ತದ ಬೀಜ ನನ್ನ ಹತ್ತಿರ ಇಲ್ಲ. ಸದ್ಯಕ್ಕೆ ನನ್ನ ಕೈಯಲ್ಲಿರುವುದು ಮೂರು: ಹೊಲದಲ್ಲಿ ಎರಡು ಮೂರು ವರ್ಷ ನಿಲ್ಲಿಸಬೇಕು ಅಂತಿರುವ ತೊಗರಿ, ಕೂಳೆ ಜೋಳ, ಮತ್ತೆ ಗದ್ದೆಯ ಒಂದು ತುಂಡಿನಲ್ಲಿ ಕೂಳೆ ಭತ್ತ. ಹುಲ್ಲು ಸುಡುವುದಂತೂ ಬೇಡ, ಅದು ಬಿಟ್ಟು ಹೇಳಿ. ಮೇವು, ಅಣಬೆ, ಇದ್ದಿಲು, ಉರುವಲು, ಇನ್ನೇನಾದರೂ? ನಿಮ್ಮಲ್ಲಿ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಮದ್ದೂರು ಕೊಟ್ಟಿಗೆ ಬರೆದದ್ದು:

ಅಣ್ಣ, ಒಳ್ಳೆಯ ಪ್ರಶ್ನೆ. ನಾನು ಹಸು ಸಾಕುವವಳು, ಹಾಲು ಡೈರಿಗೆ ಹಾಕುತ್ತೇನೆ. ಹಾಗಾಗಿ ನನಗೆ ಮೊದಲು ಕಾಣಿಸುವುದು ಮೇವು. ಒಂದು ಹಸು ದಿನಕ್ಕೆ ಐದಾರು ಕೆ.ಜಿ. ಒಣ ಹುಲ್ಲು ತಿಂದರೂ ವರ್ಷಕ್ಕೆ ಎರಡು ಟನ್ ಆಯಿತು. ಕಟಾವು ಮೆಷಿನ್ ಬಂದ ಮೇಲೆ ನಮ್ಮ ಕಡೆ ಹುಲ್ಲಿನ ಮೆದೆ ಒಟ್ಟುವವರೇ ಕಡಿಮೆಯಾದರು. ಹುಲ್ಲು ಬೇಕು ಅಂದರೆ ಉಂಡೆ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಬೇಕು. ಆದ್ದರಿಂದ ನಿಮ್ಮ ಹುಲ್ಲಿಗೆ ಗಿರಾಕಿ ಅಕ್ಕಪಕ್ಕದ ಊರಲ್ಲೇ ಇದ್ದಾರೆ.

ಆದರೆ ಎಲ್ಲ ಹುಲ್ಲೂ ಒಂದೇ ಅಲ್ಲ. ರಾಗಿ ಹುಲ್ಲಿಗೆ ಇರುವ ಬೆಲೆ ಭತ್ತದ ಹುಲ್ಲಿಗೆ ಇಲ್ಲ, ಇರಬಾರದು ಕೂಡ. ಭತ್ತದ ಹುಲ್ಲಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಅಷ್ಟೇ, ಮೇಲಾಗಿ ಸಿಲಿಕಾ (ಮರಳಿನಲ್ಲಿರುವ ಅಂಶ) ಜಾಸ್ತಿ. ಹೊಟ್ಟೆ ತುಂಬುತ್ತದೆ, ಹಾಲು ಬರುವುದಿಲ್ಲ. ಅದಕ್ಕೆ ಯೂರಿಯಾ ಉಪಚಾರ ಮಾಡಿದರೆ ಪ್ರೋಟೀನ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಹುಲ್ಲೂ ಮೆತ್ತಗಾಗಿ ಹಸು ಜಾಸ್ತಿ ತಿನ್ನುತ್ತದೆ. ಲೆಕ್ಕ ಹೇಳುತ್ತೇನೆ: 100 ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾ, 50ರಿಂದ 60 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಬೇಕು. ಹುಲ್ಲನ್ನು ಪದರ ಪದರವಾಗಿ ಹರಡಿ ಸಮವಾಗಿ ಚಿಮುಕಿಸಿ, ತುಳಿದು ಗಾಳಿ ತೆಗೆದು, ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿ ಮೂರು ವಾರ ಬಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಇದನ್ನು ಹಾಕಬೇಡಿ. ಯೂರಿಯಾ ನೀರಿನ ಬಕೆಟ್ಟನ್ನು ಹಸುವಿಗೆ ಸಿಗುವ ಹಾಗೆ ಇಡಬೇಡಿ, ಕುಡಿದರೆ ಹಸು ಉಳಿಯುವುದಿಲ್ಲ.

ಇನ್ನೊಂದು ಬಹಳ ಮುಖ್ಯ. ನಿಮ್ಮ ಕೂಳೆ ಜೋಳ! ಕೊಯ್ದ ಮೇಲೆ ಬರುವ ಎಳೆ ಚಿಗುರಲ್ಲಿ ಸಯನೈಡ್ ವಿಷ ಇರುತ್ತದೆ. ಮಳೆ ಕೈಕೊಟ್ಟು ಬಾಡಿದ ಚಿಗುರಲ್ಲಂತೂ ಇನ್ನೂ ಜಾಸ್ತಿ. ಹೊಲಕ್ಕೆ ದನ ನುಗ್ಗಿ ತಿಂದರೆ ಸ್ವಲ್ಪ ಹೊತ್ತಲ್ಲೇ ಬೀಳುತ್ತದೆ. ಹೂ ಬರುವ ತನಕ ಕಾಯಿರಿ, ಆಮೇಲೆ ಕೊಯ್ದು ಒಣಗಿಸಿ ಹಾಕಿ. ಕೂಳೆ ಬಿಡುವ ಬೆಳೆ ಅಂದ ಕೂಡಲೇ ಎಲ್ಲರೂ ಮೇವಿನ ಲಾಭ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ಅದಕ್ಕೇ ಬರೆದೆ.

ತೊಗರಿ ಬಗ್ಗೆ ಯೋಚನೆಯೇ ಬೇಡ. ಒಕ್ಕಣೆ ಮಾಡಿದ ಮೇಲಿನ ಹೊಟ್ಟು, ಉದುರಿದ ಎಲೆ ಒಳ್ಳೆಯ ಮೇವು. ಅದನ್ನು ಮಾರಬೇಡಿ, ನಿಮ್ಮ ದನಕ್ಕೇ ಇಟ್ಟುಕೊಳ್ಳಿ.

ಮಣ್ಣು ಮೊದಲು ಬರೆದದ್ದು:

ಅಕ್ಕ ಹೇಳಿದ್ದು ಸರಿ. ಆದರೆ ಹುಲ್ಲು ಮಾರುವ ಮುಂಚೆ ಒಂದು ಲೆಕ್ಕ ನೋಡಿ ಸರ್. ಒಂದು ಟನ್ ಭತ್ತದ ಹುಲ್ಲು ಗದ್ದೆಯಿಂದ ಹೊರಗೆ ಹೋದರೆ ಅದರ ಜೊತೆ ಐದರಿಂದ ಎಂಟು ಕೆ.ಜಿ. ಸಾರಜನಕ ಹೋಗುತ್ತದೆ, 15ರಿಂದ 20 ಕೆ.ಜಿ. ಪೊಟ್ಯಾಷ್ ಹೋಗುತ್ತದೆ. ಸಿಲಿಕಾ ಇದಕ್ಕಿಂತಲೂ ಜಾಸ್ತಿ. ಭತ್ತ ಎಷ್ಟು ಬರುತ್ತದೋ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಯುನ್ನಾನ್ ತಳಿಯ ಹಾಗೆ ವರ್ಷಕ್ಕೆ ಎರಡು ಕೊಯ್ಲು ಬಂದರೆ ಎಕರೆಗೆ ಐದು ಟನ್ ದಾಟುತ್ತದೆ. ಅಷ್ಟನ್ನೂ ಹೊರಗೆ ಸಾಗಿಸಿದರೆ 75ರಿಂದ 100 ಕೆ.ಜಿ. ಪೊಟ್ಯಾಷ್ ಹೋಯಿತು. 50 ಕೆ.ಜಿ.ಯ ಒಂದು ಮೂಟೆ ಕೆಂಪು ಪೊಟ್ಯಾಷಿನಲ್ಲಿ ಇರುವುದು 30 ಕೆ.ಜಿ. ಅಂದರೆ ವರ್ಷಕ್ಕೆ ಎಕರೆಗೆ ಮೂರು ಮೂಟೆ ನೀವು ಸುಮ್ನೆ ಲಾರಿಗೆ ಹತ್ತಿಸಿ ಕಳಿಸಿದ ಹಾಗೆ. ಹುಲ್ಲಿನ ಬೆಲೆ ಮಾತಾಡುವಾಗ ಈ ಮೂರು ಮೂಟೆಯ ಬೆಲೆ ಮೊದಲು ಕಳೆದು ನೋಡಿ. ಉಳಿದರೆ ಅದು ಲಾಭ.

ಒಂದು ವರ್ಷದ ಬೆಳೆಯಲ್ಲಿ ಈ ನಷ್ಟ ಬೇಗ ಗೊತ್ತಾಗುವುದಿಲ್ಲ. ಹೊಸ ನಾಟಿ, ಹೊಸ ಗೊಬ್ಬರ, ತಿಪ್ಪೆ ಗೊಬ್ಬರ ಉತ್ತು ಸೇರಿಸುತ್ತೀರಿ, ಹೇಗೋ ಸರಿಹೋಗುತ್ತದೆ. ನಾಲ್ಕು ವರ್ಷ ಅದೇ ಬುಡ ನಿಲ್ಲಬೇಕಾದಾಗ ಹಾಗಲ್ಲ. ಪ್ರತಿ ಕೊಯ್ಲು ಆದ ಮೇಲೂ ಬುಡ ತನ್ನ ಬಲದಿಂದಲೇ ಮತ್ತೆ ಮೊಳೆಯಬೇಕು. ಸಿಲಿಕಾ ಕಡಿಮೆಯಾದರೆ ಬೆಂಕಿ ರೋಗ, ಕಾಂಡ ಕೊರಕ ಎರಡೂ ಜೋರಾಗುತ್ತವೆ.

ಹಾಗಂತ ಗದ್ದೆಯಲ್ಲೇ ಬಿಡಿ ಅಂತಲೂ ಹೇಳುವುದಿಲ್ಲ. ನಿಂತ ನೀರಲ್ಲಿ ಹಸಿ ಹುಲ್ಲು ಕೊಳೆತರೆ ಮೀಥೇನ್ ಹುಟ್ಟುತ್ತದೆ, ಕೊಯ್ದ ಕಾಂಡದೊಳಗೆ ಕೊರಕದ ಹುಳ ಹಾಗೇ ಉಳಿದು ಮುಂದಿನ ಕೂಳೆಗೆ ದಾಟುತ್ತದೆ. ಅದಕ್ಕೆ ನನ್ನ ಮಟ್ಟಿಗೆ ಸರಿಯಾದ ದಾರಿ ಅಂದರೆ, ಹುಲ್ಲು ಗದ್ದೆಯಿಂದ ಹೊರಗೆ ಹೋಗಲಿ, ಆದರೆ ಏನಾದರೂ ಒಂದು ಕೆಲಸ ಮಾಡಿ ವಾಪಸ್ಸು ಬರಲಿ. ಹಸು ತಿಂದರೆ ಪೊಟ್ಯಾಷ್ ಹೆಚ್ಚು ಪಾಲು ಗಂಜಳದಲ್ಲಿ ಬರುತ್ತದೆ, ಸಗಣಿಯಲ್ಲಿ ಕಡಿಮೆ. ನಮ್ಮ ಕೊಟ್ಟಿಗೆಗಳಲ್ಲಿ ಸಗಣಿ ಬಾಚಿ ತಿಪ್ಪೆಗೆ ಹಾಕುತ್ತಾರೆ, ಗಂಜಳ ಚರಂಡಿಗೆ ಹೋಗುತ್ತದೆ. ಚಿನ್ನದಂಥ ಗೊಬ್ಬರ ಅಲ್ಲೇ ಕಳೆದುಹೋಗುತ್ತದೆ, ನೋಡಿ ಹೊಟ್ಟೆ ಉರಿಯುತ್ತದೆ.

ಒಣ ಹೊಲದ ಜೋಳಕ್ಕಾದರೆ ಕಬ್ಬಿನ ತರಗಿಗೆ ಮಾಡುವ ಉಪಾಯವೇ ಸಾಕು. ಸಾಲು ಬಿಟ್ಟು ಸಾಲಿಗೆ ಹೊದಿಸಿ. ಬುಡದ ಮೇಲೆ ಹಾಕಬೇಡಿ, ಚಿಗುರು ಉಸಿರು ಕಟ್ಟುತ್ತದೆ. ಮೊದಲ ವಾರಗಳಲ್ಲಿ ಕೊಳೆಯುವ ಹುಲ್ಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಬೆಳೆ ಹಳದಿಯಾದರೆ ಗಾಬರಿ ಬೇಡ, ಸ್ವಲ್ಪ ಜೀವಾಮೃತವೋ (ಸಗಣಿ, ಗಂಜಳ ಕಲಸಿ ಕೊಳೆಸಿದ ದ್ರವ) ಯೂರಿಯಾವೋ ಕೊಟ್ಟರೆ ಸರಿಹೋಗುತ್ತದೆ.

ಮದ್ದೂರು ಕೊಟ್ಟಿಗೆ:

ಗಂಜಳದ ಮಾತು ಒಪ್ಪಿದೆ. ನಮ್ಮ ಕೊಟ್ಟಿಗೆಗೆ ನೆಲ ಹಾಕಿಸುವಾಗಲೇ ಇಳಿಜಾರು ಕೊಟ್ಟು ಹಿಂದೆ ಒಂದು ಗುಂಡಿ ಮಾಡಿಸಿದ್ದೇವೆ, ಅಲ್ಲಿಂದ ಪೈಪಲ್ಲಿ ಸೀಮೆಹುಲ್ಲಿಗೆ ಹೋಗುತ್ತದೆ. ಅಣ್ಣನ ಹುಲ್ಲು ಯಾರಾದರೂ ಕೊಂಡರೆ ದುಡ್ಡಿನ ಬದಲು ಗೊಬ್ಬರ ಕೊಡಿ ಅಂತ ಒಪ್ಪಂದ ಮಾಡಿಕೊಳ್ಳಬಹುದು. ನಮ್ಮ ಅಜ್ಜಿ ಕಾಲದಲ್ಲಿ ಹಾಗೇ ನಡೆಯುತ್ತಿತ್ತು.

ಮೈಸೂರು ಅಣಬೆ ಬರೆದದ್ದು:

ನಾವು ಮೈಸೂರಲ್ಲಿ ಮನೆ ಮೇಲೆಯೇ ಚಿಪ್ಪು ಅಣಬೆ ಬೆಳೆಯುತ್ತೇವೆ. ನನ್ನ ಪ್ರಕಾರ ಒಂದು ಕೆ.ಜಿ. ಹುಲ್ಲಿಗೆ ಅತಿ ಹೆಚ್ಚು ದುಡ್ಡು ಬರುವುದು ಇದರಲ್ಲೇ. ಒಂದು ಕೆ.ಜಿ. ಒಣ ಹುಲ್ಲಿಗೆ ಅರ್ಧ ಕೆ.ಜಿ.ಗೆ ಕಡಿಮೆ ಇಲ್ಲದಂತೆ ಹಸಿ ಅಣಬೆ ಬರುತ್ತದೆ. ಕ್ರಮ ಸುಲಭ: ಹುಲ್ಲನ್ನು ಎರಡಿಂಚು ತುಂಡು ಮಾಡಿ, ರಾತ್ರಿ ನೆನೆಹಾಕಿ, 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ನೀರು ಬಸಿದು ಆರಿಸಿ. ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು, ಬೀಜ, ಹುಲ್ಲು, ಬೀಜ ಅಂತ ಪದರ. ಹದಿನೈದು ಇಪ್ಪತ್ತು ದಿನದಲ್ಲಿ ಬೆಳ್ಳಗೆ ಹಬ್ಬುತ್ತದೆ. ಅಣಬೆ ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ತರಬೇತಿ ಬೇಕಾದರೆ ನಿಮಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ನಂಜನಗೂಡು ಕಡೆಯವರಾದರೆ ಸುತ್ತೂರಿನದು. ಬೇಸಿಗೆಯ ಸೆಕೆಯಲ್ಲಿ ಚಿಪ್ಪು ಅಣಬೆ ಹಟ ಮಾಡುತ್ತದೆ, ಆಗ ಹಾಲಣಬೆಗೆ ಬದಲಾಯಿಸಿ.

ಎರಡು ಎಚ್ಚರಿಕೆ. ಹುಲ್ಲು ಆ ವರ್ಷದ್ದೇ ಆಗಿರಬೇಕು, ಹಳದಿ ಬಣ್ಣ ಇರಬೇಕು, ಮಳೆಯಲ್ಲಿ ನೆನೆದಿರಬಾರದು. ಮಳೆ ಹುಲ್ಲು ತಂದರೆ ಹಸಿರು ಬೂಸ್ಟು ಬಂದು ಚೀಲಕ್ಕೆ ಚೀಲವೇ ಹೋಗುತ್ತದೆ. ಕೂಳೆ ಬೆಳೆ ಅಂದರೆ ಒಂದು ಕೊಯ್ಲು ಮಳೆಗಾಲದಲ್ಲೇ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇದೆ, ಹಾಗಾಗಿ ಬೇಸಿಗೆ ಕೊಯ್ಲಿನ ಹುಲ್ಲನ್ನು ಅಣಬೆಗೆ ಎತ್ತಿಡಿ, ಮಳೆ ಕೊಯ್ಲಿನದನ್ನು ಕಾಂಪೋಸ್ಟಿಗೆ ಹಾಕಿ. ಎರಡನೆಯದು, ಅಣಬೆಗೆ ಹುಲ್ಲು ಬೇಕಾಗುವುದೇ ಸ್ವಲ್ಪ. ದಿನಕ್ಕೆ ಕೆ.ಜಿ.ಯ ಹತ್ತು ಚೀಲ ಮಾಡುವ ಮನೆಗೆ ವರ್ಷಕ್ಕೆ ಮೂರೂವರೆ ಟನ್ ಸಾಕು. ಅಣಬೆ ಎರಡು ದಿನದಲ್ಲಿ ಮಾರಾಟ ಆಗಲೇಬೇಕು. ಊರಿಗೆಲ್ಲ ಅಣಬೆ ಮಾಡಿ ಅಂತ ಹೇಳಿದರೆ ಮಾರುಕಟ್ಟೆ ಬಿದ್ದುಹೋಗುತ್ತದೆ.

ಮುಗಿದ ಚೀಲದ ಹುಲ್ಲನ್ನು ಎರೆಗೊಬ್ಬರದ ತೊಟ್ಟಿಗೆ ಹಾಕಿ. ಅಣಬೆ ಅರ್ಧ ಕೆಲಸ ಮಾಡಿಟ್ಟಿರುತ್ತದೆ, ಬೇಗ ಕಳಿಯುತ್ತದೆ. ಕೆಲವರು ದನಕ್ಕೂ ಹಾಕುತ್ತಾರೆ. ಬೂಸ್ಟು ಕಂಡರೆ ಖಂಡಿತ ಬೇಡ.

ಮಳವಳ್ಳಿ ಆಲೆಮನೆ ಬರೆದದ್ದು:

ಉರುವಲಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಭತ್ತದ ಹುಲ್ಲನ್ನು ಒಲೆಗೆ ಹಾಕುವ ಯೋಚನೆ ಬಿಡಿ. ಬೂದಿ ವಿಪರೀತ, ಪೊಟ್ಯಾಷ್ ಮತ್ತು ಸಿಲಿಕಾ ಸೇರಿ ಶಾಖಕ್ಕೆ ಕರಗಿ ಒಲೆಯ ಗೋಡೆಗೆ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಬಾಯ್ಲರಿನವರು ಹಿಂದೇಟು ಹಾಕುವುದು ಇದಕ್ಕೇ. ತೊಗರಿ ಕಡ್ಡಿ ಬೇರೆ. ಅದು ಸೌದೆಯೇ. ಎರಡು ಮೂರು ವರ್ಷ ನಿಂತ ತೊಗರಿಯ ಬುಡ ಮಣಿಕಟ್ಟು ಗಾತ್ರ ಬರುತ್ತದೆ, ಬೂದಿ ಕಡಿಮೆ, ಉರಿ ಚೆನ್ನಾಗಿ. ಆಲೆಮನೆಯಲ್ಲಿ ನಾವು ಒಣಗಿದ ಕಬ್ಬಿನ ಸಿಪ್ಪೆ ಉರಿಸುತ್ತೇವೆ. ಮಳೆ ಬಂದು ಸಿಪ್ಪೆ ಒಣಗದ ದಿನ ಸೌದೆ ಹುಡುಕಬೇಕು. ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ ಹಾಕುವುದನ್ನು ನೋಡಿದ್ದೇನೆ. ಆ ಹೊಗೆ ಕುಡಿಯುವವರು ನಾವು, ಕೊಪ್ಪರಿಗೆ ಮುಂದೆ ನಿಲ್ಲುವ ಹುಡುಗರು. ತೊಗರಿ ಕಡ್ಡಿ ಗಾಡಿ ಲೆಕ್ಕದಲ್ಲಿ ಸಿಗುವ ಹಾಗಾದರೆ ನಾನೇ ಕೊಳ್ಳುತ್ತೇನೆ.

ಇನ್ನು ಇದ್ದಿಲು. ಕಡ್ಡಿಯಿಂದ ಗೊಬ್ಬರದ ಇದ್ದಿಲು ಮಾಡಲು ಮೆಷಿನ್ ಬೇಡ. ಆಲಿಕೆ ಆಕಾರದ ಗುಂಡಿ ತೆಗೆಯಿರಿ, ಮೇಲೆ ಅಗಲ ಕೆಳಗೆ ಕಿರಿದು. ತಳದಲ್ಲಿ ಬೆಂಕಿ ಹಚ್ಚಿ ಒಣ ಕಡ್ಡಿಯನ್ನು ತೆಳುವಾಗಿ ಹಾಕುತ್ತಾ ಹೋಗಿ. ಮೇಲಿನ ಕಡ್ಡಿ ಬೂದು ಬಣ್ಣಕ್ಕೆ ತಿರುಗುತ್ತಿದ್ದಂತೆ ಮುಂದಿನ ಪದರ. ಮೇಲಿನ ಜ್ವಾಲೆ ಗಾಳಿಯನ್ನು ತಾನೇ ತಿನ್ನುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಬೇಕು. ತೂಕದಲ್ಲಿ ನಾಲ್ಕರಲ್ಲಿ ಒಂದು ಪಾಲೋ ಐದರಲ್ಲಿ ಒಂದು ಪಾಲೋ ಇದ್ದಿಲು ಸಿಗುತ್ತದೆ. ಹಸಿ ಕಡ್ಡಿ ಹಾಕಿದರೆ ಬರೀ ಹೊಗೆ. ಇದ್ದಿಲನ್ನು ಹಾಗೇ ಹೊಲಕ್ಕೆ ಎಸೆಯಬೇಡಿ, ಗಂಜಳದಲ್ಲೋ ತಿಪ್ಪೆಯಲ್ಲೋ ಎರಡು ಮೂರು ವಾರ ನೆನೆಯಲಿ.

ಮಣ್ಣು ಮೊದಲು:

ಇದ್ದಿಲಿಗೆ ಒಂದು ಮಾತು ಸೇರಿಸುತ್ತೇನೆ. ನಾಲೆ ಕೊನೆ ಭಾಗದ ಚೌಳು ಗದ್ದೆಗೆ ಹಾಕಬೇಡಿ. ಇದ್ದಿಲಲ್ಲಿ ಬೂದಿ ಸೇರಿರುತ್ತದೆ, ಅದು ಕ್ಷಾರ, ಚೌಳು ಇನ್ನೂ ಕೆಡುತ್ತದೆ. ಮೇಲುಕೋಟೆ ಕಡೆಯ ಕೆಂಪು ಹೊಲಕ್ಕೆ ಹಾಕಿ, ಅಲ್ಲಿ ನೀರು ಹಿಡಿದಿಡುವುದಕ್ಕೆ ಉಪಯೋಗಕ್ಕೆ ಬರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಮುಂದುವರಿಯಿರಿ.

ಬಣ್ಣದ ಬುಗುರಿ ಬರೆದದ್ದು:

ನಾನು ರೈತಳಲ್ಲ, ಮಂಡ್ಯದಲ್ಲಿ ಕರಕುಶಲ ವಸ್ತುಗಳ ಅಂಗಡಿ ನಡೆಸುತ್ತೇನೆ. ತೊಗರಿ ಅಂದ ಕೂಡಲೇ ನನಗೆ ಅರಗು, ಅಂದರೆ ಒಂದು ಸಣ್ಣ ಹುಳ ರೆಂಬೆಯ ಮೇಲೆ ಸುರಿಸುವ ಅಂಟು, ನೆನಪಾಯಿತು. ಅರಗಿನ ಹುಳ ಸಾಮಾನ್ಯವಾಗಿ ಮುತ್ತುಗ, ಬೋರೆ ಮರಗಳ ಮೇಲೆ ಕೂರುತ್ತದೆ. ಅಸ್ಸಾಂ ಕಡೆ ಮತ್ತು ಚೀನಾದ ಯುನ್ನಾನ್‌ನಲ್ಲಿ ಅದನ್ನು ಬಹುವರ್ಷ ತೊಗರಿ ಮೇಲೂ ಸಾಕುತ್ತಾರೆ. ನಮ್ಮ ಪಕ್ಕದ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಾಕುವುದು ಅರಗಿನಿಂದಲೇ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹಿಡಿದುಕೊಳ್ಳುತ್ತದೆ. ಅರಗು ಹೆಚ್ಚು ಬರುವುದು ಜಾರ್ಖಂಡ್, ಛತ್ತೀಸ್‌ಗಢದಿಂದ. ಅದರಲ್ಲಿ ಸ್ವಲ್ಪವಾದರೂ ಮಂಡ್ಯ ಹೊಲದ್ದಾದರೆ ಎಷ್ಟು ಚೆನ್ನ!

ಹುಳ ಎಳೆ ರೆಂಬೆಯ ರಸ ಹೀರುತ್ತದೆ, ಕಾಳು ಖಂಡಿತ ಕಡಿಮೆಯಾಗುತ್ತದೆ. ಅದಕ್ಕೆ ಕಿತ್ತು ಹಾಕಲಿರುವ ಕೊನೆಯ ವರ್ಷದ ಗಿಡಗಳಿಗೆ ಮಾತ್ರ ಹುಳ ಬಿಡಬೇಕು. ಆಗ ಕಡ್ಡಿಯಿಂದ ಅರಗು ಕೆರೆದುಕೊಂಡು ಉಳಿದದ್ದನ್ನು ಆಲೆಮನೆ ಅಣ್ಣನಿಗೆ ಕೊಡಬಹುದು. ಕೈಯಲ್ಲಿ ಮಾಡುವ ಕೆಲಸ ಜಾಸ್ತಿ. ಹಾಗಾಗಿ ಮೊದಲು ಒಂದು ಬದುವಿನ ಸಾಲಿಗೆ ಸಾಕು. ರಾಂಚಿಯಲ್ಲಿ ಅರಗಿನ ಸಂಶೋಧನಾ ಸಂಸ್ಥೆ ಇದೆ, ಬೀಜದ ಅರಗು (ಜೀವಂತ ಹುಳ ಇರುವ ಅರಗಿನ ಕಡ್ಡಿ) ಮತ್ತು ಹುಳ ಬಿಡುವ ಸಮಯದ ಬಗ್ಗೆ ಅವರನ್ನೇ ಕೇಳಬೇಕು.

ಮಣ್ಣು ಮೊದಲು:

ಇದು ನನಗೂ ಇಷ್ಟವಾಯಿತು ಮೇಡಂ. ತೊಗರಿ ನಿಲ್ಲಿಸುವವರು ಒಂದು ನೆನಪಿಡಿ: ಗೊಡ್ಡು ರೋಗ. ಹಸಿರಾಗಿ ಪೊದೆಯಂತೆ ಬೆಳೆದು ಹೂವೇ ಬಿಡದ ಗಿಡ ಕಂಡರೆ ಕಿತ್ತು ಹಾಕಿ. ಹಳೇ ತೊಗರಿಯಲ್ಲಿ ಉಳಿದ ರೋಗವನ್ನು ನುಸಿ ಅಕ್ಕಪಕ್ಕದ ಹೊಸ ಬೆಳೆಗೆ ಹರಡುತ್ತದೆ. ಸೊರಗು ರೋಗ ಇರುವ ಹೊಲದಲ್ಲಿ ಎರಡನೇ ವರ್ಷಕ್ಕೆ ನಿಲ್ಲಿಸಲೇಬೇಡಿ.

ಪಾಂಡವಪುರ ಹೊಲ:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಬ್ಬರು ಫೋನ್ ಮಾಡಿ ಎಥೆನಾಲ್ ಕಾರ್ಖಾನೆಗೆ ಯಾಕೆ ಕೊಡಬಾರದು ಅಂತ ಕೇಳಿದರು. ಪಾಣಿಪತ್‌ನಲ್ಲಿ 2022ರಲ್ಲಿ ಭತ್ತದ ಹುಲ್ಲಿಂದ ಎಥೆನಾಲ್ ಮಾಡುವ ಘಟಕ ಶುರುವಾಗಿದೆ, ನಿಜ. ಅದಕ್ಕೆ ವರ್ಷಕ್ಕೆ 2 ಲಕ್ಷ ಟನ್ ಹುಲ್ಲು ಬೇಕು. ಅಲ್ಲಿನ ದೊಡ್ಡ ದೊಡ್ಡ ಜಮೀನಿಗೆ ಅದು ಸರಿ. ನಮ್ಮ ಎರಡು ಎಕರೆ, ಒಂದೂವರೆ ಎಕರೆ ಹಿಡುವಳಿಯಿಂದ ಅಷ್ಟು ಹುಲ್ಲು ಕೂಡಿಸುವ ಸಾಗಣೆ ಖರ್ಚೇ ಎಲ್ಲವನ್ನೂ ನುಂಗುತ್ತದೆ. ಮೇಲಾಗಿ ಆ ಹುಲ್ಲಿನ ಪೊಟ್ಯಾಷ್ ನನ್ನ ಗದ್ದೆಗೆ ವಾಪಸ್ಸು ಬರುವುದಿಲ್ಲ. ಕ್ಯಾನ್ಸಾಸ್ ಕಡೆಯ ರೈತರೂ ಕೆರ್ನ್ಝಾ ಕಾಳು ಕೊಯ್ದ ಮೇಲೆ ಹುಲ್ಲನ್ನು ದನಕ್ಕೇ ಬಿಡುತ್ತಾರಂತೆ. ಕಾಳು, ಮೇವು ಎರಡೂ ಸೇರಿದರೇ ಅವರಿಗೆ ಲೆಕ್ಕ ಕೂಡುವುದು.

ಹಾಗಾಗಿ ಹೀಗೆ ಮಾಡುತ್ತೇನೆ. ಬೇಸಿಗೆ ಕೊಯ್ಲಿನ ಒಳ್ಳೇ ಹುಲ್ಲಲ್ಲಿ ಸ್ವಲ್ಪ ಅಣಬೆ ಮಾಡುವವರಿಗೆ, ಬಳಸಿದ ಹುಲ್ಲನ್ನು ವಾಪಸ್ಸು ಕೊಡಬೇಕು ಅನ್ನುವ ಮಾತಿನ ಮೇಲೆ. ಉಳಿದದ್ದು ನಮ್ಮ ಮತ್ತು ಪಕ್ಕದ ಮನೆಯ ಹಸುಗಳಿಗೆ, ಬದಲಿಗೆ ಗೊಬ್ಬರ. ತೊಗರಿ ಹೊಟ್ಟು ಮನೆಗೆ, ಕಡ್ಡಿ ಮಳವಳ್ಳಿಗೆ, ಸಣ್ಣ ಪುಟ್ಟ ರೆಂಬೆ ಇದ್ದಿಲಿಗೆ. ಬದುವಿನ ಒಂದು ಸಾಲು ಅರಗಿಗೆ ಮೀಸಲು, ರಾಂಚಿಗೆ ಇವತ್ತೇ ಬರೆಯುತ್ತೇನೆ. ಜೋಳದ ಹೊಲಕ್ಕೆ ಮೊದಲು ಬೇಲಿ.

ಮದ್ದೂರು ಅಕ್ಕ, ಯೂರಿಯಾ ಹಾಕಿ ಮುಚ್ಚಿದ ಹುಲ್ಲನ್ನು ಮೂರು ವಾರ ಆದ ಮೇಲೂ ಹಾಗೇ ಇಟ್ಟುಕೊಳ್ಳಬಹುದಾ? ಒಂದೇ ಸಲ ಎಲ್ಲ ಖರ್ಚಾಗುವುದಿಲ್ಲ.

ಮದ್ದೂರು ಕೊಟ್ಟಿಗೆ:

ಇಟ್ಟುಕೊಳ್ಳಬಹುದು ಅಣ್ಣ, ಮುಚ್ಚಿದ್ದು ಮುಚ್ಚಿದ ಹಾಗೇ ಇರಬೇಕು, ಮಳೆ ನೀರು ಒಳಗೆ ಇಳಿಯಬಾರದು. ಒಂದು ಬದಿಯಿಂದ ಮಾತ್ರ ತೆರೆದು ಆ ದಿನಕ್ಕೆ ಬೇಕಾದಷ್ಟು ತೆಗೆದು ಮತ್ತೆ ಬಿಗಿಯಾಗಿ ಮುಚ್ಚಿ. ತೆಗೆದ ಹುಲ್ಲನ್ನು ನೆರಳಲ್ಲಿ ಹರಡಿ ಕಣ್ಣು ಉರಿಯುವ ಆ ವಾಸನೆ ಹೋಗುವ ತನಕ ಬಿಡಿ, ಆಮೇಲೆ ಹಾಕಿ. ಮೊದಲ ದಿನ ಹಸು ಮೂಸಿ ಮುಖ ತಿರುಗಿಸುತ್ತದೆ. ಮಾಮೂಲಿ ಹುಲ್ಲಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿ ಒಂದು ವಾರದಲ್ಲಿ ರೂಢಿ ಮಾಡಿಸಿ. ಕಪ್ಪಾದ, ಬೂಸ್ಟು ಹಿಡಿದ ಭಾಗ ಸಿಕ್ಕರೆ ತಿಪ್ಪೆಗೆ ಹಾಕಿ.